ಒದೆ ಬೀಳುವ ಮೊದಲೇ ಬಿದ್ದವನು

ಆ ರವಿವಾರ ನಾನು ಹನ್ನೊಂದು ಸಲ ಬಿದ್ದೆ. ಸವದತ್ತಿಯ ಹತ್ತಿರದ ಗುಡ್ಡದಲ್ಲಿ, ಆಳೆತ್ತರಕ್ಕಿಂತ ತುಸು ಕಡಿಮೆಯ ಒಂದು ಬಂಡೆಯ ಮೇಲಿಂದ, ಕೆಳಗೆ ಹಾಸಿದ್ದ ಶೇಂಗಾ ಹೊಟ್ಟಿನ ಚೀಲಗಳ ಮೇಲೆ. ಪ್ರತಿ ಸಲವೂ ಬೆನ್ನು ಮೊದಲು ತಾಗಬೇಕು, ಕೈಗಳೆರಡೂ ಅಗಲವಾಗಿ ಚಾಚಿರಬೇಕು, ಮುಖದಲ್ಲಿ ಆಶ್ಚರ್ಯ ಇರಬೇಕು, ನೋವು ಇರಬಾರದು. ಏಕೆಂದರೆ ನಾನು ಬೇರೆ ಗ್ರಹದ ರಾಜ. ಆ ಗ್ರಹದವರಿಗೆ ನೋವು ಅಂದರೆ ಏನೆಂದು ಗೊತ್ತಿಲ್ಲ ಎಂದು ನನ್ನ ತಮ್ಮ ಬರೆದಿದ್ದ. ಚೀಲದ ಕೆಳಗಿದ್ದ ಕಲ್ಲು ಅದನ್ನು ಓದಿರಲಿಲ್ಲ.

ನನ್ನನ್ನು ಬೀಳಿಸುವುದು ಒಂದು ಒದೆ. ಒದೆಯಬೇಕಾದವನು ಸಿನಿಮಾದ ನಾಯಕ, ಅಂದರೆ ನನ್ನ ತಮ್ಮ ಶಿವಾನಂದ. ಆದರೆ ನಾನು ಬೀಳುವಾಗ ಅವನು ನನ್ನ ಎದುರಿಗೆ ಇರಲಿಲ್ಲ. ಕ್ಯಾಮೆರಾದ ಪಕ್ಕದಲ್ಲಿ ನಿಂತು ‘ಒದ್ದೆ’ ಎಂದು ಕೂಗುತ್ತಿದ್ದ. ಅವನು ಕೂಗಿದಾಗ ನಾನು ಬೀಳಬೇಕು. ಅವನ ಒದೆಯನ್ನು ಮುಂದಿನ ರವಿವಾರ ಬೇರೆಯಾಗಿ ತೆಗೆದು ಎರಡನ್ನೂ ಜೋಡಿಸುವುದೆಂದು ಮಾತಾಗಿತ್ತು. ಅಲ್ಲಿಗೆ ಸಿನಿಮಾ ಮುಗಿಯುತ್ತಿತ್ತು.

“ಯಣ್ಣಾ, ನಾ ಕೂಗೂಕಿಂತ ಮೊದಲ ನೀ ಬೀಳಾಕತ್ತಿ ನೋಡು.”

“ಒದಿ ಬರತೈತಿ ಅಂತ ಗೊತ್ತೈತಲ್ಲೋ ನನಗ.”

“ರಾಜಾಗ ಗೊತ್ತಿರಂಗಿಲ್ಲ.”

“ರಾಜಾಗ ಗೊತ್ತಿಲ್ಲಂದ್ರ ರಾಜಾನ ಬೆನ್ನಿಗೆ ಗೊತ್ತೈತಿ.”

ಹನ್ನೊಂದನೆಯದು ಅವನಿಗೆ ಒಪ್ಪಿಗೆಯಾಯಿತು. ಬಂಡೆಯ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿ ರೊಟ್ಟಿ, ಬದನೆಕಾಯಿ ಪಲ್ಯ, ಕೆಂಪು ಚಟ್ನಿ ತಿಂದೆವು. ಅವನ ಗಾಡಿಯ ಹಿಂದೆ ಕುಳಿತು, ಬೆಳ್ಳಿ ಬಣ್ಣದ ಅಂಗಿಯಲ್ಲೇ ಬೈಲಹೊಂಗಲಕ್ಕೆ ಬಂದೆ. ಗಿರಣಿಯ ಮುಂದೆ ಇಳಿಸಿ, “ಮುಂದಿನ ರವಿವಾರ ಒದೀತೇನಿ, ತಯಾರಿರು” ಎಂದ. “ನಾ ಯಾಕ ತಯಾರಿರಬೇಕು? ನಂದು ಬಿದ್ದು ಮುಗೀತು” ಎಂದೆ. ನಕ್ಕು ಹೋದ. ಇಷ್ಟೇ. ಆ ದಿನದಲ್ಲಿ ನೆನಪಿಡುವಂಥದ್ದು ಬೇರೇನೂ ಇರಲಿಲ್ಲ. ಬುಧವಾರ ಅವನು ತೀರಿಕೊಂಡ.

ನಾನು ಬರೆಯುವವನಲ್ಲ. ಹತ್ತನೆಯ ಇಯತ್ತೆ ಮುಗಿಸಿ ಗಿರಣಿಗೆ ಕುಳಿತವನು. ಅಪ್ಪ ಹೋದ ಮೇಲೆ ಹಿಟ್ಟಿನ ಗಿರಣಿ ನನ್ನ ಪಾಲಿಗೆ ಬಂತು, ತಮ್ಮನ ಪಾಲಿಗೆ ಓದು ಬಂತು. ಅವನು ಧಾರವಾಡಕ್ಕೆ ಕಾಲೇಜಿಗೆಂದು ಹೋಗಿ ಕರಾಟೆ ಕಲಿತು ಬಂದ. ಕಾಲೇಜಿನಲ್ಲಿ ಏನು ಕಲಿತ ಎಂಬುದು ಕೊನೆಯವರೆಗೂ ನಮಗೆ ತಿಳಿಯಲಿಲ್ಲ. ಬೈಲಹೊಂಗಲ, ದೊಡವಾಡ, ಸಂಗೊಳ್ಳಿ ಎಂದು ವಾರಕ್ಕೊಂದೊಂದು ದಿನ ಒಂದೊಂದು ಶಾಲೆಗೆ ಹೋಗಿ ಮಕ್ಕಳಿಗೆ ಕಲಿಸುತ್ತಿದ್ದ. ಮಾಳಿಗೆಯ ಮೇಲೆ ಒಣಹಾಕಿದ ಅವನ ಬಿಳಿ ಅಂಗಿಗಳನ್ನು ನೋಡಿ, ನಮ್ಮ ಓಣಿಗೆ ಹೊಸದಾಗಿ ಬಂದವರು ಮನೆಯಲ್ಲಿ ಯಾರೋ ಕಾಂಪೌಂಡರ್ ಇದ್ದಾರೆಂದು ತಿಳಿದು ಮಾತ್ರೆ ಕೇಳಲು ಬರುತ್ತಿದ್ದರು. ಹೆಣ್ಣು ಕೊಡಲು ಬಂದವರು ಮಾತ್ರ ಸರಿಯಾಗಿ ವಿಚಾರಿಸುತ್ತಿದ್ದರು, ಅದಕ್ಕಾಗಿ ಅವನ ಮದುವೆಯಾಗಿರಲಿಲ್ಲ.

ಇಂಥವನು ಒಂದು ದಿನ ಗಿರಣಿಗೆ ಬಂದು, ಜೋಳದ ಚೀಲದ ಮೇಲೆ ಕುಳಿತು, ಸಿನಿಮಾ ಮಾಡುತ್ತೇನೆ ಎಂದ. ಮೂರು ಸಾವಿರನೆಯ ಇಸವಿಯ ಕಥೆ. ದೂರದ ಗ್ರಹವೊಂದರಲ್ಲಿ ನೀರು ಮುಗಿದಿದೆ. ಅಲ್ಲಿಯ ರಾಜ ಸೈನ್ಯ ಕಟ್ಟಿಕೊಂಡು ಆಕಾಶದಿಂದ ಇಳಿದು ಮಲಪ್ರಭೆಯ ಹಿನ್ನೀರನ್ನು ಹೀರಿಕೊಂಡು ಹೋಗಲು ಬರುತ್ತಾನೆ.

“ಇಡೀ ಭೂಮಿ ಮ್ಯಾಲ ಬ್ಯಾರೆ ಎಲ್ಲೂ ನೀರಿಲ್ಲೇನು?” ಎಂದೆ.

“ಐತಿ. ಆದ್ರ ನಮ್ಮ ಹುಡುಗೂರು ಮುಂಜಾನೆ ಹೋಗಿ ಸಂಜೀಕ ಬರಾಕ ಬಸ್ ಇರೂದು ಸವದತ್ತಿಗೆ ಅಷ್ಟ.”

“ಅವರ ಹಂತೇಕ ಬಂದೂಕ ಇರಂಗಿಲ್ಲೇನು?”

“ಸೂರ್ಯನಿಂದ ಒಂದು ಕಿರಣ ಬಂದು ಬಂದೂಕು, ಬಾಂಬು ಎಲ್ಲಾ ಕೆಟ್ಟಾವು. ಕೈಕಾಲು ಅಷ್ಟ ಉಳದಾವು.”

ವಿಜ್ಞಾನ ಹೀಗೆ ಮುಂದುವರಿಯಿತು. ನಮ್ಮ ಕೈಯಲ್ಲಿ ಏನಿಲ್ಲವೋ ಅದನ್ನೆಲ್ಲ ಆ ಕಿರಣ ಕೆಡಿಸುತ್ತ ಬಂತು. ಮೂರು ಸಾವಿರನೆಯ ಇಸವಿಯಲ್ಲಿ ಕಾರುಗಳಿಲ್ಲ, ದೊಡ್ಡ ಕಟ್ಟಡಗಳಿಲ್ಲ, ಕರೆಂಟು ಇಲ್ಲ. ಕಡೆಯದು ನಮಗೆ ಅಷ್ಟು ದೂರದ ಮಾತು ಅನ್ನಿಸಲಿಲ್ಲ.

ಆಕಾಶದಿಂದ ಇಳಿಯುವ ವಾಹನ ದೊಡವಾಡದ ನಮ್ಮ ಸೋದರಮಾವನ ರಾಶಿ ಮಷಿನ್. ಕಾಳು ಬಡಿಯುವ ಆ ಯಂತ್ರವನ್ನು ಹತ್ತಿರದಿಂದ ನೋಡದವರಿಗೆ ಅದು ನಿಜವಾಗಿಯೂ ಬೇರೆ ಲೋಕದ್ದೆಂದೇ ಕಾಣುತ್ತದೆ. ಕೊಳವೆ, ಜಾಲರಿ, ಪಟ್ಟೆ, ಚಕ್ರ, ಹೊಟ್ಟು ಹಾರುವ ಬಾಯಿ. ಅದರಿಂದ ಎಂಟು ಜನ ಸೈನಿಕರು, ಎಲ್ಲ ಅವನ ಹಳೆಯ ಶಿಷ್ಯರೇ, ಒಬ್ಬೊಬ್ಬರಾಗಿ ಇಳಿಯುವುದನ್ನು ಚಿತ್ರೀಕರಿಸಿದೆವು. ಅವರು ಇಳಿದ ಮೇಲೆ ಮಾವ ಮಷಿನ್ ಬೇಕೆಂದ. ಇನ್ನೊಂದು ವಾರ ಇರಲಿ ಎಂದು ಶಿವಾನಂದ ಬೇಡಿಕೊಂಡ. “ನಿಮ್ಮ ಸಿನಿಮಾ ಮೂರು ಸಾವಿರದ ಇಸವ್ಯಾಗ ಐತಿ. ನನ್ನ ಕಡ್ಲಿ ಈ ವಾರದಾಗ ಐತಿ” ಎಂದು ಮಾವ ಟ್ರ್ಯಾಕ್ಟರಿಗೆ ಕಟ್ಟಿಕೊಂಡು ಹೋದ. ಹಾಗಾಗಿ ಸಿನಿಮಾದ ದ್ವಿತೀಯಾರ್ಧದಲ್ಲಿ ರಾಜನೇ ಒಂದು ಮಾತು ಹೇಳಬೇಕಾಯಿತು. ವಾಹನ ಇನ್ನಷ್ಟು ಸೈನ್ಯ ತರಲು ಹೋಗಿದೆ, ಬರುತ್ತದೆ ಎಂದು. ಅದು ಬರಲಿಲ್ಲ.

ಕ್ಯಾಮೆರಾದವನು ಕಿತ್ತೂರಿನ ರಫೀಕ. ಹದಿನೈದು ವರ್ಷಗಳಿಂದ ಮದುವೆಗಳನ್ನು ಚಿತ್ರೀಕರಿಸಿದವನು. ಕೆಲಸದಲ್ಲಿ ಶ್ರದ್ಧೆ ಬಹಳ. ಆದರೆ ಅವನ ಕೈಗೆ ಮದುವೆ ಅಂಟಿಕೊಂಡಿತ್ತು. ಯಾರೇ ಎದುರಿಗೆ ಬಂದರೂ ಕಾಲಿನಿಂದ ಶುರುಮಾಡಿ ನಿಧಾನವಾಗಿ ಮುಖದವರೆಗೆ ಕ್ಯಾಮೆರಾ ಏರಿಸುತ್ತಿದ್ದ. ಸೈನಿಕರು ಸಾಲಾಗಿ ನಿಂತರೆ, “ಎತ್ತರದವರು ಹಿಂದ ಬರ್ರಿ, ಈ ಕಡೆ ನೋಡ್ರಿ, ಸ್ವಲ್ಪ ನಗ್ರಿ” ಅನ್ನುತ್ತಿದ್ದ. ಅವರು ನಗುತ್ತಿದ್ದರು. ಭೂಮಿಯನ್ನು ನಾಶಮಾಡಲು ಬಂದ ಸೈನ್ಯವೊಂದು ಇಷ್ಟು ಪ್ರಸನ್ನವಾಗಿ ನಿಂತಿರುವುದನ್ನು ನೀವು ಬೇರೆಲ್ಲೂ ಕಾಣಲಾರಿರಿ. ಹಣೆಯ ವಿಭೂತಿ ಅಳಿಸಿಕೊಂಡು ಬನ್ನಿ ಎಂದರೆ ಅವರಲ್ಲಿ ಒಬ್ಬನೂ ಒಪ್ಪಲಿಲ್ಲ. ಆ ಗ್ರಹದಲ್ಲೂ ಇರುತ್ತದೆ ಬಿಡು ಎಂದು ಶಿವಾನಂದ ಸುಮ್ಮನಾದ.

ನನ್ನ ಗಿರಣಿಯ ಕೊಡುಗೆ ಹಿಟ್ಟು. ಹೊಡೆದಾಟದ ಮೊದಲು ಎದೆ, ಹೆಗಲ ಮೇಲೆ ತುಸು ಹಿಟ್ಟು ಉದುರಿಸಿಕೊಂಡರೆ, ಏಟು ತಾಗಿದಾಗ ಅದು ಭಗ್ ಎಂದು ಏಳುತ್ತದೆ. ಮೆಲ್ಲಗೆ ತಟ್ಟಿದರೂ ಪೆಟ್ಟು ಭಾರಿ ಅನ್ನಿಸುತ್ತದೆ. ಜೋಳದ ಹಿಟ್ಟು ಬೇಗ ಕೆಳಗೆ ಬೀಳುತ್ತದೆ. ಗೋದಿಯದು ಗಾಳಿಯಲ್ಲಿ ನಿಲ್ಲುತ್ತದೆ. ಕಡಲೆ ಹಿಟ್ಟು ಬೆವರಿಗೆ ಅಂಟಿ ಮೈಯೆಲ್ಲ ಬಜಿಯ ವಾಸನೆ ಬರುತ್ತದೆ. ಇದನ್ನೆಲ್ಲ ಅಂಗಳದಲ್ಲಿ ಪರೀಕ್ಷೆ ಮಾಡುತ್ತಿದ್ದಾಗ ಅವ್ವ ಕಂಡಳು. “ಉಣ್ಣೂ ಹಿಟ್ಟು ಮೈಮ್ಯಾಲ ಸುರಕೊಂಡು ಬಡಕೊಳ್ಳಾಕತ್ತೀರೇನಲೇ? ನಾಚಿಕಿ ಬರೂದಿಲ್ಲೇನು?” ಎಂದಳು. ಅಂದಿನಿಂದ ಗಿರಣಿಯ ಕೆಳಗೆ ಚೆಲ್ಲಿದ, ಗುಡಿಸಿ ಎಮ್ಮೆಗೆ ಹಾಕುವ ಹಿಟ್ಟನ್ನಷ್ಟೇ ಒಯ್ದೆವು. ಅದರಲ್ಲಿ ಎಲ್ಲ ಕಾಳೂ ಇದ್ದುದರಿಂದ ಅದೇ ಎಲ್ಲಕ್ಕಿಂತ ಚೆನ್ನಾಗಿ ಹಾರಿತು.

ಇಷ್ಟೆಲ್ಲ ಆದರೂ ನಾನಿನ್ನೂ ಹಿಟ್ಟು ಕೊಡುವವನು ಮಾತ್ರ. ರಾಜನಾಗಬೇಕಾದವನು ರಾಮದುರ್ಗದ ಒಬ್ಬ ಪೈಲ್ವಾನ. ಒಳ್ಳೆಯ ಆಳು, ಎದೆಯೆಂದರೆ ಬಾಗಿಲಿನಂತೆ. ರಾಜನ ಭಾಗದ ಚಿತ್ರೀಕರಣಕ್ಕೆ ಎರಡು ದಿನ ಮೊದಲು ಅವನಿಗೆ ಹೆಣ್ಣು ಗೊತ್ತಾಯಿತು. ಅಳಿಯನಾಗುವವನು ಬೆಳ್ಳಿ ಹಾಳೆ ಸುತ್ತಿಕೊಂಡು ಒದೆ ತಿನ್ನುವುದನ್ನು ನಾಳೆ ಊರವರೆಲ್ಲ ಮೊಬೈಲಿನಲ್ಲಿ ನೋಡಿದರೆ ಹೇಗೆ ಎಂದು ಹೆಣ್ಣಿನ ಕಡೆಯವರು ಕೇಳಿದರಂತೆ. ಕೇಳಿದ್ದು ನ್ಯಾಯವೇ. ಶಿವಾನಂದ ನನ್ನನ್ನು ಮೇಲಿಂದ ಕೆಳಗೆ ನೋಡಿದ. ನನ್ನ ಮದುವೆ ಆಗಿಹೋಗಿತ್ತು. ರವಿವಾರ ಗಿರಣಿ ಬಂದ್ ಇರುತ್ತಿತ್ತು. ನನಗೆ ಬೇರೆ ಅರ್ಹತೆ ಇರಲಿಲ್ಲ.

ತಗಡಿನ ಮಾಡಿನ ಕೆಳಗೆ ಬಿಸಿಲು ತಡೆಯಲು ಹಾಕುತ್ತಾರಲ್ಲ, ಆ ಬೆಳ್ಳಿ ಹಾಳೆ ಗಿರಣಿಯಲ್ಲಿ ಉಳಿದಿತ್ತು. ಅದನ್ನು ನನ್ನ ಹೆಂಡತಿ ಅಂಗಿಯಾಗಿ ಹೊಲಿದಳು. ಕಾಳು ಸುರಿಯುವ ಹಳೆಯ ತಗಡಿನ ಬುಟ್ಟಿ ಬೋರಲಾಗಿ ನನ್ನ ತಲೆಯ ಮೇಲೆ ಕಿರೀಟವಾಯಿತು. ಹುಣ್ಣಿಮೆಯ ದಿನ ಉಗರಗೋಳದ ಹಾದಿಯಲ್ಲಿ ಈ ವೇಷದಲ್ಲಿ ನಿಂತಿದ್ದೆ. ಯಲ್ಲಮ್ಮನ ಗುಡ್ಡಕ್ಕೆ ಹೊರಟ ಜನ ಸಾಲುಗಟ್ಟಿ ಹೋಗುತ್ತಿದ್ದರು. ಒಬ್ಬ ಅಜ್ಜಿ ನಿಂತು ನೋಡಿದಳು. ಅವಳಿಗೆ ಭಯವೂ ಆಗಲಿಲ್ಲ, ನಗುವೂ ಬರಲಿಲ್ಲ. ಚೀಲದಿಂದ ಭಂಡಾರ ತೆಗೆದು ನನ್ನ ಹಣೆಗೆ ಹಚ್ಚಿದಳು.

“ಯಾವೂರ ಹರಕಿಯಪಾ ನಿಂದು?”

“ಬೈಲಹೊಂಗಲ್ರಿ ಆಯಿ.”

“ಬಿಸಲಾಗ ಬಾಳ ತ್ರಾಸಿನ ಹರಕಿ ಹೊತ್ತೀಯಪಾ” ಎಂದು ನನ್ನ ಕೈಗೆ ಒಂದು ಬಾಳೆಹಣ್ಣು ಇಟ್ಟು ಹೋದಳು. ಭಂಡಾರ ಒರೆಸಲು ಮನಸ್ಸಾಗಲಿಲ್ಲ. ಆದ್ದರಿಂದ ಅರ್ಧ ಸಿನಿಮಾದಲ್ಲಿ ಬೇರೆ ಗ್ರಹದ ರಾಜನ ಹಣೆ ಹಳದಿಯಾಗಿದೆ.

ಈಗ ಕಾಲಿನ ವಿಷಯಕ್ಕೆ ಬರುತ್ತೇನೆ. ನಮ್ಮಲ್ಲಿ ಒಬ್ಬರ ಕಾಲು ಇನ್ನೊಬ್ಬರಿಗೆ ತಾಗಿದರೆ, ತಾಗಿಸಿದವನು ಬಗ್ಗಿ ಅವರನ್ನು ಮುಟ್ಟಿ ಆ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ಬಸ್ಸಿನಲ್ಲಿ, ಊಟದ ಪಂಕ್ತಿಯಲ್ಲಿ, ಸಂತೆಯಲ್ಲಿ. ಯೋಚಿಸಿ ಮಾಡುವುದಲ್ಲ, ಸೀನು ಬಂದಂತೆ ಬರುತ್ತದೆ. ಚಿಕ್ಕವರಿದ್ದಾಗ ನಾನೂ ಶಿವಾನಂದನೂ ಒಂದೇ ಕೌದಿಯಲ್ಲಿ ಮಲಗುತ್ತಿದ್ದೆವು. ಅವನು ನಿದ್ದೆಯಲ್ಲಿ ಕಾಲು ಝಾಡಿಸುವವನು. ಎಡಗಾಲು. ಬೆಳಿಗ್ಗೆ ಎದ್ದು ನಾನು ಅವ್ವನಿಗೆ ಪಕ್ಕೆ ತೋರಿಸುತ್ತಿದ್ದೆ. ಅವ್ವ ಅವನನ್ನು ಎಬ್ಬಿಸಿ, “ಅಣ್ಣಗ ಕಾಲ ಹಚ್ಚೀದಿ, ಕೈ ಮುಗಿ” ಅನ್ನುತ್ತಿದ್ದಳು. ಅವನು ಕಣ್ಣು ತೆರೆಯದೆಯೇ ನನ್ನನ್ನು ಮುಟ್ಟಿ ಕೈ ಮುಗಿದು ಮತ್ತೆ ಮಲಗುತ್ತಿದ್ದ. ಹಲ್ಲುಜ್ಜುವುದಕ್ಕಿಂತ ಮೊದಲು ನನಗೆ ದಿನಾಲೂ ಒಂದು ನಮಸ್ಕಾರ ಸಿಗುತ್ತಿತ್ತು. ಒದೆಸಿಕೊಂಡರೆ ಏನಂತೆ ಅನ್ನಿಸುತ್ತಿತ್ತು.

ಕರಾಟೆಯ ಪಾಠದಲ್ಲಿ ಇದು ತೊಂದರೆಯಾಗಿರಲಿಲ್ಲ. ಅಲ್ಲಿ ಕಾಲು ಎದುರಿನವನ ಮೈಯಿಂದ ಗೇಣು ದೂರದಲ್ಲೇ ನಿಲ್ಲಬೇಕು. ಸಿನಿಮಾದಲ್ಲಿ ಹಾಗಲ್ಲ, ಹಿಟ್ಟು ಹಾರಬೇಕಾದರೆ ಕಾಲು ತಾಗಲೇಬೇಕು. ಮೊದಲ ಹೊಡೆದಾಟದಲ್ಲಿ ಎಂಟು ಸೈನಿಕರು ಶಿವಾನಂದನ ಮೇಲೆ ಬಿದ್ದರು. ಮೊದಲನೆಯವನು ಒದ್ದ, ಹಿಟ್ಟು ಹಾರಿತು, ಒದ್ದವನು ಬಗ್ಗಿ ಮಾಸ್ತರರನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಎರಡನೆಯವನೂ ಹಾಗೆಯೇ. ಶಿವಾನಂದ ತಿರುಗಿ ಒದ್ದ, ಅವನೂ ಬಗ್ಗಿದ. ರಫೀಕ ತೆಗೆದದ್ದನ್ನು ಹಾಕಿ ನೋಡಿದರೆ ಬಹಳ ದಿನಗಳ ಮೇಲೆ ಬೀಗರು ಭೇಟಿಯಾದ ಹಾಗಿತ್ತು.

ಇದಕ್ಕೆ ದಾರಿ ಹುಡುಕಿದವಳು ಸವಿತಾ. ಶಿವಾನಂದನ ಮೊದಲ ಶಿಷ್ಯೆ, ಈಗ ರಾಮದುರ್ಗದ ಕಡೆ ಒಂದು ಶಾಲೆಯಲ್ಲಿ ಆಟದ ಟೀಚರು. “ಸರ್, ಬ್ಯಾಡ ಅಂದ್ರ ಇವರು ಬಿಡೂದಿಲ್ಲ. ಕಾಲ ಬಡದ ಮ್ಯಾಲ ಮನಸಿನ್ಯಾಗ ಮೂರು ಎಣಿಸಿ ಆಮ್ಯಾಲ ನಮಸ್ಕಾರ ಮಾಡ್ರಿ ಅಂತ ಹೇಳ್ರಿ. ರಫೀಕಣ್ಣ ಮೂರರೊಳಗ ಕಟ್ ಮಾಡಲಿ” ಎಂದಳು. ಹಾಗೆಯೇ ಆಯಿತು. ಸಿನಿಮಾದಲ್ಲಿ ನೀವು ನೋಡುವ ಪ್ರತಿಯೊಂದು ಒದೆಯ ಹಿಂದೆ ಒಂದು, ಎರಡು, ಮೂರು, ಆಮೇಲೆ ಗುಡ್ಡದ ತುಂಬ ಜನ ಒಬ್ಬರಿಗೊಬ್ಬರು ಬಗ್ಗಿ ನಮಸ್ಕರಿಸಿದ್ದಿದೆ. ಅದು ಸಿನಿಮಾದಲ್ಲಿಲ್ಲ.

ಕೊನೆಯ ಹೊಡೆದಾಟ ರಾಜನದೂ ನಾಯಕನದೂ. ಕೈಯಿಂದ ಅವನು ನನ್ನನ್ನು ಧಾರಾಳವಾಗಿ ಹೊಡೆದ, ನಾನೂ ಕೊಟ್ಟೆ. ಆದರೆ ರಾಜ ಸಾಯಬೇಕಾದದ್ದು ಒದೆಯಿಂದ. ನಾಯಕನ ಗುರು ಸಾಯುವಾಗ ಅವನಿಗೊಬ್ಬನಿಗೇ ಕಲಿಸಿದ ಎಡಗಾಲಿನ ಒದೆ. ಸಿನಿಮಾದಲ್ಲಿ ಆರು ಕಡೆ ಅದರ ಮಾತು ಬರುತ್ತದೆ, ಒಮ್ಮೆಯೂ ತೋರಿಸುವುದಿಲ್ಲ. ಕೊನೆಗೆ ಒಂದೇ ಸಲ ತೋರಿಸಬೇಕೆಂದು ಅವನು ಕೂಡಿಟ್ಟಿದ್ದ. ಪೈಲ್ವಾನನ ಎದೆಗೆಂದು ಕೂಡಿಟ್ಟಿದ್ದ ಆ ಕಾಲು ಈಗ ನನ್ನ ಎದೆಗೆ ಬರಬೇಕಾಗಿತ್ತು. ಬಂಡೆಯ ಮೇಲೆ ನಿಂತೆ. ಅವನು ಓಡಿ ಬಂದ, ಹತ್ತಿರ ಬಂದು ನಿಂತುಬಿಟ್ಟ. ಮತ್ತೆ ಓಡಿ ಬಂದ, ಮತ್ತೆ ನಿಂತ.

“ಒದಿಯಲೇ” ಎಂದೆ.

“ಆಗವಲ್ದಣ್ಣಾ.”

“ಸಣ್ಣಾವಿದ್ದಾಗ ದಿನಾ ಒದ್ದೀಯಲ್ಲೋ, ಕೌದ್ಯಾಗ.”

“ಅವಾಗ ನಿದ್ದ್ಯಾಗ ಇರತಿದ್ದೆ.”

“ಈಗೂ ಕಣ್ಣು ಮುಚಗೊಂಡು ಒದಿ. ಮೂರು ಎಣಿಸಿ ಬೇಕಾದಷ್ಟು ನಮಸ್ಕಾರ ಮಾಡು.”

“ಅಪ್ಪ ಹೋದ ಮ್ಯಾಲ ನನಗ ನೀನ ಅಲ್ಲೇನು? ನಿನ್ನ ಎದಿಗೆ ಹೆಂಗ ಕಾಲ ಎತ್ತಲಿ?”

ಎಂಟು ಜನ ಸೈನಿಕರೂ ಸುತ್ತ ನಿಂತಿದ್ದರು. ಎಲ್ಲರೂ ತಲೆದೂಗಿದರು. ಬೇರೆ ಗ್ರಹದಿಂದ ಬಂದವರಿಗೂ ಅವನ ಮಾತು ಸರಿ ಅನ್ನಿಸಿತು. ನಾನು ಇನ್ನೊಂದು ಮಾತು ಹೇಳಬಹುದಿತ್ತು. ಅಣ್ಣನಾಗಿ ಹೇಳುತ್ತೇನೆ, ಒದೆ ಎಂದು ಗದರಿಸಬಹುದಿತ್ತು. ಗದರಿಸಿದ್ದರೆ ಒದೆಯುತ್ತಿದ್ದ, ಅವನು ನನ್ನ ಮಾತು ಮೀರಿದವನಲ್ಲ. ಆದರೆ ಬಿಸಿಲು ಏರಿತ್ತು, ತಲೆಯ ಮೇಲೆ ತಗಡಿನ ಬುಟ್ಟಿ ಕಾಯುತ್ತಿತ್ತು, ಮೇಲಾಗಿ ಒಳಗೊಳಗೆ ನನಗೆ ಹೆಮ್ಮೆಯೂ ಆಗಿತ್ತು. ಹೀಗೆ ನಾನು ಬೀಳುವುದನ್ನು ಇಂದು, ಅವನ ಒದೆಯನ್ನು ಮುಂದಿನ ರವಿವಾರ, ಎದುರಿಗೆ ಯಾರೂ ಇಲ್ಲದೆ, ಆಕಾಶಕ್ಕೆ ತೆಗೆಯುವುದೆಂದಾಯಿತು. ನಾನು ಹನ್ನೊಂದು ಸಲ ಬಿದ್ದದ್ದು ಆಗಲೇ.

ಬುಧವಾರ ದೊಡವಾಡದ ಶಾಲೆಯಲ್ಲಿ ಪಾಠ ಮುಗಿಸಿ ಬಸ್ಸಿಗಾಗಿ ನಿಂತಿದ್ದ. ಪಕ್ಕದಲ್ಲಿದ್ದವರಿಗೆ “ಸ್ವಲ್ಪ ಕುಂದರತೇನ್ರಿ” ಎಂದು ಹೇಳಿ ಕುಳಿತನಂತೆ. ಬಸ್ಸು ಬಂದಾಗ ಏಳಲಿಲ್ಲ. ಎದೆ ನಿಂತಿತ್ತು. ಮೂವತ್ತೆಂಟು ವರ್ಷ. ದಿನಾಲೂ ಬೆಳಿಗ್ಗೆ ಇನ್ನೂರು ದಂಡ ಹೊಡೆಯುತ್ತಿದ್ದವನು ಅವನು. ಗಿರಣಿಯಲ್ಲಿ ಕುಳಿತಲ್ಲೇ ಚಹಾ ಕುಡಿಯುತ್ತಿದ್ದವನು ನಾನು. ನೋಡಲು ಬಂದವರೆಲ್ಲ ಒಮ್ಮೆ ಅವನ ಕಡೆ, ಒಮ್ಮೆ ನನ್ನ ಹೊಟ್ಟೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟರು. ಅವರ ಲೆಕ್ಕ ನನಗೆ ಅರ್ಥವಾಯಿತು. ನನ್ನದೂ ಅದೇ ಆಗಿತ್ತು.

ನಾಲ್ಕು ತಿಂಗಳು ಸಿನಿಮಾದ ಮಾತು ಯಾರೂ ಎತ್ತಲಿಲ್ಲ. ಗಿರಣಿಯ ಸದ್ದು ಒಳ್ಳೆಯದು, ಮಾತಾಡಬೇಕಿಲ್ಲ. ಒಂದು ಮಧ್ಯಾಹ್ನ ರಫೀಕ ಲ್ಯಾಪ್‌ಟಾಪ್ ಹಿಡಿದು ಬಂದ, ಜೊತೆಗೆ ಸವಿತಾ. ಇಬ್ಬರೂ ಚೀಲಗಳ ಮೇಲೆ ಕುಳಿತರು. ಎಲ್ಲ ಜೋಡಿಸಿ ಆಗಿದೆ ಎಂದ ರಫೀಕ. ನಾಯಕ ಓಡಿ ಬರುವುದಿದೆ, ಅದು ಮೊದಲೇ ತೆಗೆದದ್ದು. ರಾಜ ಬೀಳುವುದಿದೆ. ನಡುವಿನದು ಇಲ್ಲ.

“ಮದವಿ ಫೋಟೋದಾಗ ತೀರಿಕೊಂಡ ಅಜ್ಜನ್ನ ತಂದು ಕೂಡಸತೇವಲ್ರಿ ಬಸಣ್ಣಾರ, ಹಂಗ ಯಾರದರ ಮೈಮ್ಯಾಲ ಮಾಸ್ತರ ಮಾರಿ ಕೂಡಸಬಹುದು” ಎಂದ.

“ಅಜ್ಜ ಸುಮ್ಮನ ಕುಂತಿರತಾನ ರಫೀಕ, ಒದಿಯೂದಿಲ್ಲ” ಎಂದೆ.

ಸವಿತಾ, “ಮಾರಿ ಬ್ಯಾಡ್ರಿ. ಕಾಲಷ್ಟ ತೋರಸೋಣ. ನಾ ಒದೀತೇನ್ರಿ. ಸರ್ ಕಲಿಸಿದ್ದ ಒದಿ ಅದು” ಎಂದಳು. ಅವಳು ಒದೆಯುತ್ತಿದ್ದುದು ಬಲಗಾಲಿನಿಂದ. ನಾನು ಬಿದ್ದದ್ದು ಎಡಗಾಲಿನ ಒದೆಗೆ, ತುಸು ಒಂದು ಪಕ್ಕಕ್ಕೆ ವಾಲಿ. ಬಲಗಾಲಿನಿಂದ ಒದ್ದರೆ ರಾಜ ಒದೆ ಬಂದ ಕಡೆಗೇ ಬಿದ್ದಂತೆ, ಒದೆಯನ್ನು ಹುಡುಕಿಕೊಂಡು ಹೋದಂತೆ ಕಾಣುತ್ತದೆ. ಚಿತ್ರವನ್ನು ಕನ್ನಡಿಯ ಹಾಗೆ ತಿರುಗಿಸುತ್ತೇನೆ ಎಂದ ರಫೀಕ. ತಿರುಗಿಸಿದರೆ ಪ್ಯಾಂಟಿನ ಮೇಲಿನ ಅಕ್ಷರಗಳು ಉಲ್ಟಾ ಆಗುತ್ತಿದ್ದವು. “ಮೂರು ಸಾವಿರದ ಇಸವ್ಯಾಗ ಹಂಗ ಬರೀತಿರಬಹುದು ಬಿಡ್ರಿ” ಎಂದ. ಸವಿತಾ ಒಪ್ಪಲಿಲ್ಲ. ಒಂದು ತಿಂಗಳು ಶಾಲೆ ಬಿಟ್ಟ ಮೇಲೆ ಎಡಗಾಲಿನಿಂದ ಅಭ್ಯಾಸ ಮಾಡಿದಳು.

ಅದೇ ಗುಡ್ಡಕ್ಕೆ ಹೋದೆವು. ಶಿವಾನಂದನ ಬಿಳಿ ಪ್ಯಾಂಟನ್ನು ಅವ್ವನಿಗೆ ಹೇಳದೆ ಒಯ್ದಿದ್ದೆ. ಸವಿತಾಳಿಗೆ ತುಸು ಉದ್ದವಾಯಿತು, ಪಿನ್ನು ಹಚ್ಚಿಕೊಂಡಳು. ಎರಡನೆಯ ಸಲಕ್ಕೇ ಸರಿಯಾಗಿ ಬಂತು. ಎದುರಿಗೆ ಯಾರೂ ಇರಲಿಲ್ಲ. ಆದರೂ ಒದ್ದ ಮೇಲೆ ಅವಳು ಮೂರು ಎಣಿಸುವಷ್ಟು ಹೊತ್ತು ನಿಂತು, ನನ್ನ ಹತ್ತಿರ ಬಂದು ಕಾಲು ಮುಟ್ಟಿದಳು. “ನಿಮಗಂತ ಒದ್ದದ್ದಲ್ರಿ ಅಣ್ಣಾರ” ಎಂದಳು. “ಗೊತ್ತೈತಿ ತಂಗಿ” ಎಂದೆ.

ರಫೀಕ ಅದನ್ನು ಜೋಡಿಸಿ ತಂದು ತೋರಿಸಿದ. ನಾಯಕ ಓಡಿ ಬರುತ್ತಾನೆ, ಕಾಲು ಏಳುತ್ತದೆ, ರಾಜ ಬೀಳುತ್ತಾನೆ. ಎಲ್ಲೂ ಸಂದು ಕಾಣಲಿಲ್ಲ. ತಪ್ಪು ಹುಡುಕಬೇಕೆಂದು ನಾಲ್ಕು ಸಲ ಹಾಕಿಸಿದೆ. ಬಹಳ ಒಳ್ಳೆಯ ಒದೆ. ಶಿವಾನಂದನಿಗಿಂತ ಕಾಲು ಒಂದು ಗೇಣು ಮೇಲೆಯೇ ಹೋಗಿತ್ತು. ನೋಡಿದವರು ಯಾರೇ ಆದರೂ ತಮ್ಮನೇ ಅಣ್ಣನನ್ನು ಒದ್ದ ಎಂದು ನಂಬುತ್ತಾರೆ. ಅವನು ಒದೆಯಲು ಆಗದೆ ಎರಡು ಸಲ ಬಂದು ನಿಂತದ್ದು ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಐದನೆಯ ಸಲ ಹಾಕಲು ರಫೀಕ ಕೈ ಎತ್ತಿದಾಗ, “ಇದನ್ನ ತಗದಬಿಡು” ಎಂದೆ.

ಸವಿತಾಳಿಗೆ ಫೋನು ಮಾಡಿ ಹೇಳುವಾಗ ನನಗೆ ಸಂಕೋಚವಾಯಿತು. ಒಂದು ತಿಂಗಳ ಶ್ರಮ. ಅವಳು ಸಿಟ್ಟಾಗಲಿಲ್ಲ. “ತಗೀರಿ ಅಣ್ಣಾರ. ಒದಿಯೂ ಮುಂದ ನನಗೂ ಹಂಗ ಅನಸಿತ್ತು. ಹೇಳಾಕ ಆಗಲಿಲ್ಲ” ಎಂದಳು.

ಕಷ್ಟವಾದದ್ದು ರಫೀಕನಿಗೆ. “ಅಲ್ಲಿ ಏನರ ಹಾಕಬೇಕಲ್ರಿ? ಖಾಲಿ ಬಿಟ್ರ ನನ್ನ ಲ್ಯಾಪ್‌ಟಾಪ್ ಕೆಟ್ಟೈತಿ ಅಂತಾರ ಮಂದಿ” ಎಂದು ಹೋದ. ಅವನು ಏನು ಹಾಕಿದನೆಂದು ನಾನು ಕೇಳಲಿಲ್ಲ. ನನಗೆ ಗಿರಣಿಯ ಕೆಲಸವಿತ್ತು.

ಬೈಲಹೊಂಗಲದ ಒಂದು ಸಣ್ಣ ಮದುವೆ ಹಾಲಿನಲ್ಲಿ, ರವಿವಾರ ಮಧ್ಯಾಹ್ನ, ಬಿಳಿ ಬಟ್ಟೆ ಕಟ್ಟಿ ತೋರಿಸಿದೆವು. ಶಿವಾನಂದ ಕಲಿಸಿದ ಮಕ್ಕಳು, ಅವರ ತಂದೆ ತಾಯಿಗಳು, ಎಂಟು ಜನ ಸೈನಿಕರು, ಅವರ ಮನೆಯವರು. ರಾಮದುರ್ಗದ ಪೈಲ್ವಾನ ಹೊಸ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಅವ್ವ ಮುಂದಿನ ಸಾಲಿನಲ್ಲಿ ಚಾಳೀಸು ಹಾಕಿಕೊಂಡು ಕುಳಿತಳು. ರಾಶಿ ಮಷಿನ್ ಬಂದಾಗ ದೊಡವಾಡದ ಮಾವ ಎದ್ದು ನಿಂತು, “ನಂದದು” ಎಂದು ಹಿಂದಿನವರಿಗೆ ತಿರುಗಿ ಹೇಳಿದ. ಜನ ಚೆನ್ನಾಗಿ ನೋಡಿದರು. ಎಡಗಾಲಿನ ಮಾತು ಬಂದಾಗಲೆಲ್ಲ ಮಕ್ಕಳು ತಮ್ಮ ಎಡಗಾಲು ನೋಡಿಕೊಂಡರು. ಅವನು ಹಾಗೆಯೇ ಆಗಲಿ ಎಂದು ಬರೆದಿದ್ದ.

ಕೊನೆಯ ಹೊಡೆದಾಟ ಬಂತು. ಬಿಳಿ ಬಟ್ಟೆಯ ಮೇಲೆ ಶಿವಾನಂದ ಕಾಲು ಊರಿ ನಿಂತ. ನನ್ನ ಕಡೆ ನೋಡಿದ. ಓಡಿದ. ಆಮೇಲೆ ಪರದೆಯ ನಡುವೆ ಒಂದು ಕೆಂಪು ಗುಲಾಬಿ ಮೆಲ್ಲಗೆ ಅರಳಿತು, ಅದರ ಎರಡೂ ಕಡೆ ಎರಡು ಹೃದಯಗಳು ಮಿಣುಕಿದವು. ಗುಲಾಬಿ ಸರಿಯಿತು. ರಾಜ ಕೈ ಚಾಚಿ ಬಂಡೆಯಿಂದ ಹಿಂದಕ್ಕೆ ಬಿದ್ದ.

ಯಾರಿಗೂ ಏನು ಮಾಡಬೇಕೋ ತಿಳಿಯಲಿಲ್ಲ. ಆ ಸದ್ದಿಲ್ಲದ ಹಾಲಿನಲ್ಲಿ ಮಾವ ಕೇಳಿದ, “ಏನಲೇ ಇದು, ರಾಜಾ ಗುಲಾಬಿ ಬಡದು ಸತ್ತನೇನು?”

ಮೊದಲು ಮಕ್ಕಳು ನಕ್ಕರು, ಆಮೇಲೆ ಎಲ್ಲರೂ. ರಫೀಕ ತಲೆ ತಗ್ಗಿಸಿದ. ನಾನೂ ನಕ್ಕೆ. ಎಷ್ಟು ನಕ್ಕೆನೆಂದರೆ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. ಶಿವಾನಂದ ಹೋದ ಮೇಲೆ ನಾನು ನಕ್ಕದ್ದು ಅದೇ ಮೊದಲು. ಅವನಿದ್ದಿದ್ದರೆ ಮಾವನ ಮೇಲೆ ಸಿಟ್ಟಾಗುತ್ತಿದ್ದ. ಅದು ಅವನು ಎಲ್ಲಕ್ಕಿಂತ ಗಂಭೀರವಾಗಿ ಬರೆದ ಜಾಗ.

ಜನ ಎದ್ದು ಹೋಗುವಾಗ ಅವ್ವ ನನ್ನನ್ನು ಹತ್ತಿರ ಕರೆದಳು.

“ಬಸು, ನನಗ ಸರಿ ಕಾಣಲಿಲ್ಲ. ಶಿವು ನಿನ್ನ ಒದ್ದನೇನು?”

“ಇಲ್ಲವ್ವಾ. ಒದೀಲಿಲ್ಲ.”

“ಖರೇ ಹೇಳು.”

“ಖರೇನ. ಆಗಂಗಿಲ್ಲ ಅಂದ.”

ಅವ್ವ ಚಾಳೀಸು ತೆಗೆದು ಸೆರಗಿನಿಂದ ಒರೆಸಿದಳು. “ಛಲೋ ಆತು” ಎಂದಳು. “ಅಣ್ಣಗ ಕಾಲ ಹಚ್ಚಲಾರದ ಹೋದ. ಅಷ್ಟರ ಛಲೋ ಆತು.” ಅವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ಒಂದು ಸಮಾಧಾನ ಕಂಡಿತು. ಅವಳ ಮಗ ಯಾವ ತಪ್ಪೂ ಮಾಡದೆ ಹೋದ. ಅದನ್ನು ಅವಳಿಂದ ಕಸಿದುಕೊಳ್ಳುವ ಮಾತು ನನ್ನ ಬಾಯಿಗೆ ಬಂದಿತ್ತು. ನನಗೆ ಆ ಒದೆ ಬೇಕಾಗಿತ್ತು ಎಂಬ ಮಾತು. ಗದರಿಸಿಯಾದರೂ ತಿನ್ನಬೇಕಾಗಿತ್ತು ಎಂಬ ಮಾತು. ಅದನ್ನು ನುಂಗಿಕೊಂಡು ಅವಳ ಕೈ ಹಿಡಿದು ಮೆಟ್ಟಿಲು ಇಳಿಸಿದೆ.

ಗುಲಾಬಿಯನ್ನು ಮರುದಿನವೇ ತೆಗೆಸಿದೆ. ರಫೀಕ ಬೇಸರದಿಂದಲೇ ತೆಗೆದ. ಈಗ ಅಲ್ಲಿ ಪರದೆ ಒಂದು ಕ್ಷಣ ಕಪ್ಪಾಗುತ್ತದೆ, ಅಷ್ಟೇ. ಸಿನಿಮಾವನ್ನು ಮೊಬೈಲಿನಲ್ಲಿ ಎಲ್ಲರೂ ನೋಡುವಂತೆ ಹಾಕಬೇಕೆಂದು ಶಿವಾನಂದನ ಶಿಷ್ಯರಿಗೆ ಬಹಳ ಆಸೆ. ಹಿಟ್ಟು ಬೀಸಿಸಲು ಬಂದಾಗಲೆಲ್ಲ, “ಅಣ್ಣಾರ, ಮುಗದೈತಿ ಅಂತ ಹಾಕೋಣೇನ್ರಿ?” ಎಂದು ಕೇಳುತ್ತಾರೆ. ಗಿರಣಿಯ ಸದ್ದಿನಲ್ಲಿ ಕೇಳಿಸಲಿಲ್ಲ ಎಂಬಂತೆ ನಾನು ಡಬ್ಬಿಗೆ ಹಿಟ್ಟು ತುಂಬುತ್ತೇನೆ. ಅವರು ಒಳ್ಳೆಯ ಹುಡುಗರು, ಅದೇ ದಿನ ಎರಡನೆಯ ಸಲ ಕೇಳುವುದಿಲ್ಲ.

ಸಿನಿಮಾ ಮುಗಿದಿಲ್ಲ. ನಾನು ಬಿದ್ದದ್ದು ಇದೆ. ನನ್ನ ತಮ್ಮನ ಒದೆ ಇಲ್ಲ.